ಮೂರು ಕಿಲೋ ಮಾಸ್ ಗೇನರ್ ಡಬ್ಬ: ಕೊಳ್ಳುವ ಮೊದಲು ಹಿಂಬದಿ ಓದಿ

ಕಾಸರಗೋಡು ಪೇಟೆಯಿಂದ ಮಂಜೇಶ್ವರದ ತನಕ ಜಿಮ್‌ಗಳು ಹೆಚ್ಚಿದ ಹಾಗೆ ಮಾಸ್ ಗೇನರ್ (ಮೈತೂಕ ಏರಿಸಲೆಂದು ಹಾಲಿಗೆ ಕಲಸಿ ಕುಡಿಯುವ ಪುಡಿ) ಡಬ್ಬಗಳೂ ಹೆಚ್ಚಿವೆ. ಇಲ್ಲಿ ಒಂದು ಕಂಪೆನಿಯ ಮಾಲನ್ನಲ್ಲ, ಈ ಜಾತಿಯ ಪುಡಿಯನ್ನೇ ತೂಗಿ ನೋಡುತ್ತಿದ್ದೇವೆ. ತೀರ್ಪು ಮೊದಲೇ ಹೇಳಿಬಿಡೋಣ: ಪುಡಿ ಮೋಸದ್ದಲ್ಲ, ಆದರೆ ಕೊಳ್ಳುವವರಲ್ಲಿ ಹೆಚ್ಚಿನವರಿಗೆ ಅದು ಬೇಕಾಗಿಲ್ಲ.

ಡಬ್ಬದ ಹಿಂಬದಿಯಲ್ಲಿ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲೇ ಬರೆಯಬೇಕು. ಗೇನರ್‌ನಲ್ಲಿ ಮೊದಲ ಹೆಸರು ಬಹುಮಟ್ಟಿಗೆ ಮಾಲ್ಟೋಡೆಕ್ಸ್‌ಟ್ರಿನ್, ಅಂದರೆ ಮೆಕ್ಕೆಜೋಳದಂಥವುಗಳ ಪಿಷ್ಟವನ್ನು ಒಡೆದು ಮಾಡಿದ ಪುಡಿ. ನಾಲಿಗೆಗೆ ಅಷ್ಟೇನೂ ಸಿಹಿಯಲ್ಲ, ಆದರೆ ರಕ್ತದಲ್ಲಿ ಸಕ್ಕರೆಯನ್ನು ಸರ್ರನೆ ಏರಿಸುತ್ತದೆ. ಹಾಗಾಗಿ ಎದುರಿಗೆ ‘ಸಕ್ಕರೆ ಸೇರಿಸಿಲ್ಲ’ ಎಂದು ಬರೆದಿದ್ದರೆ ಅದರಿಂದ ಸಮಾಧಾನಪಡುವಂಥದ್ದೇನಿಲ್ಲ. ಸಾಮಾನ್ಯ ಗೇನರ್‌ನ 100 ಗ್ರಾಂ ಪುಡಿಯಲ್ಲಿ ಸುಮಾರು 390 ಕ್ಯಾಲೊರಿ, 15 ಗ್ರಾಂ ಪ್ರೋಟೀನು, 75 ಗ್ರಾಂನ ಮೇಲೆ ಕಾರ್ಬ್ಸ್, ಅಂದರೆ ಪಿಷ್ಟ-ಸಕ್ಕರೆ. ಲೆಕ್ಕ ಹಾಕಿದರೆ ಮೂರು ಕಿಲೋ ಡಬ್ಬದಲ್ಲಿ ಎರಡು ಕಿಲೋಗೂ ಮಿಕ್ಕಿ ಪಿಷ್ಟ. ಡಬ್ಬದ ಬೆಲೆಯನ್ನು ಒಳಗಿರುವ ಒಟ್ಟು ಪ್ರೋಟೀನಿನ ಗ್ರಾಂನಿಂದ ಭಾಗಿಸಿ, ಮೊಟ್ಟೆಗೂ ಹಾಗೆಯೇ ಮಾಡಿ (ಒಂದಕ್ಕೆ 6 ಗ್ರಾಂ). ಅಂಗಡಿಯವರಲ್ಲಿ ಬೇರೆ ಏನೂ ಕೇಳಬೇಕಾಗಿಲ್ಲ.

‘ಒಂದು ಸರ್ವಿಂಗ್‌ಗೆ ಸಾವಿರ ಕ್ಯಾಲೊರಿ’ ಎಂಬ ಮಾತಿನ ಗುಟ್ಟು ಸರ್ವಿಂಗ್‌ನ ಗಾತ್ರದಲ್ಲಿದೆ: 250 ಗ್ರಾಂ, ಕೆಲವದರಲ್ಲಿ ಇನ್ನೂ ಹೆಚ್ಚು. ಅಷ್ಟನ್ನು ಅರ್ಧ ಲೀಟರ್ ಹಾಲಿಗೆ ಕಲಸಿ ಒಮ್ಮೆಲೇ ಕುಡಿದವರು ಹೊಟ್ಟೆಯುಬ್ಬರ, ಭೇದಿ ಎಂದು ಪೇಚಾಡುತ್ತಾರೆ. ಹಾಲಿನ ಲ್ಯಾಕ್ಟೋಸ್ ಒಗ್ಗದವರಿಗಂತೂ ಕೇಳುವುದೇ ಬೇಡ. ಅದಕ್ಕಿಂತ ದೊಡ್ಡ ನಷ್ಟವೆಂದರೆ ಮುಂದಿನ ಊಟಕ್ಕೆ ಹಸಿವೇ ಆಗದಿರುವುದು. ಶೇಕ್‌ನಿಂದ 800 ಬಂದು ಊಟದಲ್ಲಿ 600 ಹೋದರೆ ತೂಕ ಎಲ್ಲಿಂದ ಏರಬೇಕು? ಕುಡಿಯಲೇಬೇಕಿದ್ದರೆ 50 ಗ್ರಾಂನಂತೆ ದಿನಕ್ಕೆರಡು ಸಲ, ಊಟವಾದ ಮೇಲೆ.

ನಿಜಕ್ಕೂ ಬೇಕಾದದ್ದು ಎಷ್ಟು? ಈಗ ತಿನ್ನುವುದರ ಮೇಲೆ ದಿನಕ್ಕೆ 300ರಿಂದ 500 ಕ್ಯಾಲೊರಿ. ಪ್ರೋಟೀನು ಮೈತೂಕದ ಕಿಲೋಗೆ ಸುಮಾರು 1.6 ಗ್ರಾಂ. 55 ಕಿಲೋ ಇರುವವರಿಗೆ 88 ಗ್ರಾಂ. ವಾರಕ್ಕೆ 150ರಿಂದ 250 ಗ್ರಾಂ ಏರಿದರೆ ಸರಿದಾರಿ. ತಿಂಗಳಿಗೆ ಮೂರು ಕಿಲೋ ಏರಿಸಿಕೊಂಡವರು ಸೊಂಟದ ಸುತ್ತಳತೆಯನ್ನೂ ಅಳೆದು ನೋಡಲಿ. ಎರಡು ವಾರ ತೂಕ ಕದಲದಿದ್ದರೆ ಇನ್ನೊಂದು 150 ಕ್ಯಾಲೊರಿ ಸೇರಿಸಿ. ಸ್ಕ್ವಾಟ್, ಡೆಡ್‌ಲಿಫ್ಟ್‌ನ ಭಾರ ಏರದೆ ಬರೀ ತೂಕ ಏರುತ್ತಿದ್ದರೆ ತಪ್ಪಿರುವುದು ತಟ್ಟೆಯಲ್ಲಲ್ಲ, ವ್ಯಾಯಾಮದಲ್ಲಿ.

ಇನ್ನು ಡಬ್ಬಕ್ಕೆ ಎದುರಾಳಿ. 300 ಮಿಲಿ ಹಾಲು, ಚೆನ್ನಾಗಿ ಕಳಿತ ಒಂದು ನೇಂದ್ರ ಬಾಳೆ, ಹುರಿದ ನೆಲಗಡಲೆ 40 ಗ್ರಾಂ, ಹುರಿಗಡಲೆ ಪುಡಿ 30 ಗ್ರಾಂ. ಒಟ್ಟು 650 ಕ್ಯಾಲೊರಿಯ ಆಸುಪಾಸು, ಪ್ರೋಟೀನು 26 ಗ್ರಾಂ. ಅಷ್ಟೇ ಹಾಲಿಗೆ 100 ಗ್ರಾಂ ಗೇನರ್ ಹಾಕಿದರೂ 580 ದಾಟುವುದಿಲ್ಲ. ನೆಲಗಡಲೆ ಬಿಸಿ ಇರುವಾಗಲೇ ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಪೂರ್ತಿ ಆರಲಿ, ಹುರಿಗಡಲೆಯ ಜೊತೆಗೇ ಬಿಟ್ಟು ಬಿಟ್ಟು ತಿರುಗಿಸಿ. ಮುಗ್ಗಲು ವಾಸನೆಯ, ಬಣ್ಣಗೆಟ್ಟ ಕಾಳನ್ನು ಹುರಿದು ಸರಿಪಡಿಸಲಾಗದು, ಬೂಷ್ಟು (ಶಿಲೀಂಧ್ರ) ಬಿಟ್ಟ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ; ಎಸೆಯಿರಿ. ಧಾನ್ಯ, ಕಡಲೆ, ಸೋಯಾ, ನೆಲಗಡಲೆ ಸೇರಿಸಿದ ಪುಡಿ ನಮ್ಮೂರಿಗೆ ಹೊಸತೂ ಅಲ್ಲ. ಕೇರಳದ ಮಹಿಳಾ ಸ್ವಸಹಾಯ ಜಾಲವಾದ ಕುಡುಂಬಶ್ರೀಯ ಘಟಕಗಳು ತಯಾರಿಸಿ ಅಂಗನವಾಡಿಯ ಮೂಲಕ ಪುಟ್ಟ ಮಕ್ಕಳಿಗೆ ತಲುಪುವ ಅಮೃತಂ ನ್ಯೂಟ್ರಿಮಿಕ್ಸ್‌ನ ಪಾಕ ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ)ಯದ್ದು. ಅದು ಮಕ್ಕಳ ಪಾಲು, ಜಿಮ್ಮಿನವರು ಕೈಹಾಕಬಾರದು. ಸೂತ್ರವನ್ನು ಮಾತ್ರ ಕಲಿಯಬಹುದು.

ಇಲ್ಲಿನ ಊಟದ ಕೊರತೆ ಅನ್ನದ್ದಲ್ಲ. ಕುಚ್ಚಿಲಕ್ಕಿ ಗಂಜಿ ನೀರಿನಿಂದಲೇ ಹೊಟ್ಟೆ ತುಂಬಿಸುತ್ತದೆ, ಪಕ್ಕದಲ್ಲಿ ಮೀನು ಒಂದೇ ತುಂಡು. ಗಂಜಿಯ ಬದಲು ಬಸಿದ ಅನ್ನ, ಎರಡು ಬೇಯಿಸಿದ ಮೊಟ್ಟೆ, ಮುಳ್ಳು ಬಿಟ್ಟು 100 ಗ್ರಾಂ ಬೂತಾಯಿ (20 ಗ್ರಾಂ ಪ್ರೋಟೀನು), ಬೆಳಗ್ಗೆ ಪುಟ್ಟಿನ ಜೊತೆ ಕಡಲೆ ಗಸಿ ಸ್ವಲ್ಪ ಧಾರಾಳ. ಮೀನು ಮುಟ್ಟದ ಮನೆಗಳಲ್ಲಿ 50 ಗ್ರಾಂ ಒಣ ಸೋಯಾ ಚಂಕ್ಸ್ 25 ಗ್ರಾಂ ಕೊಡುತ್ತದೆ. ತೆಂಗಿನತುರಿ ಕ್ಯಾಲೊರಿಗೆ ಸಲೀಸು, 100 ಗ್ರಾಂನಲ್ಲಿ 350. ಆದರೆ ಪ್ರೋಟೀನು ಮೂರೇ ಗ್ರಾಂ, ಕೊಬ್ಬು ಬಹುಪಾಲು ಸ್ಯಾಚುರೇಟೆಡ್ ಜಾತಿಯದ್ದು. ಹಸಿಮೊಟ್ಟೆ ನುಂಗುವ ಶೌರ್ಯ ಬೇಡ, ಬೇಯಿಸಿದ್ದರ ಪ್ರೋಟೀನೇ ಮೈಗೆ ಹೆಚ್ಚು ಹತ್ತುತ್ತದೆ.

ಹಾಗಾದರೆ ಡಬ್ಬ ಯಾರಿಗೆ? ಹಾಸ್ಟೆಲಿನಲ್ಲಿ ಮಿಕ್ಸಿ ಇಲ್ಲದವರಿಗೆ, ಬೆಳಗ್ಗಿನ ರೈಲು ಹಿಡಿದು ಮಂಗಳೂರಿಗೆ ಕೆಲಸಕ್ಕೆ ಹೋಗುವವರಿಗೆ, ಎಷ್ಟು ಹೇಳಿದರೂ ಅಗಿದು ತಿನ್ನಲಾಗದವರಿಗೆ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಮೊದಲು ಥೈರಾಯ್ಡ್, ಸಕ್ಕರೆ, ಕ್ಷಯದ ಪರೀಕ್ಷೆ, ಪುಡಿ ಆಮೇಲೆ.

ಕೊಳ್ಳುವುದೇ ಆದರೆ ಒಂದು ಕಿಲೋದ್ದು ಸಾಕು. 14 ಅಂಕಿಯ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಸಂಖ್ಯೆ, ಮುಚ್ಚಳದ ಕೆಳಗಿನ ಸೀಲ್, ತಾರೀಕು ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯ ತೇವಕ್ಕೆ ಮಾಲ್ಟೋಡೆಕ್ಸ್‌ಟ್ರಿನ್ ಗಟ್ಟಿ ಕಟ್ಟುತ್ತದೆ. ವಾರಕ್ಕೆ ಬೇಕಾದಷ್ಟನ್ನು ಸಣ್ಣ ಡಬ್ಬಿಗೆ ತೆಗೆದು ದೊಡ್ಡದನ್ನು ಮುಚ್ಚಿಡಿ, ಒದ್ದೆ ಚಮಚ ಹಾಕಬೇಡಿ.