ಗೂಗಲ್ ನೋಟ್‌ಬುಕ್‌ಎಲ್‌ಎಂ, ಒಂದು ಸೆಮಿಸ್ಟರ್ ಬಳಸಿದ್ಮೇಲೆ

ಎಂಎ ಎಕನಾಮಿಕ್ಸ್ ಎರಡನೇ ಸೆಮ್ ಪೂರ್ತಿ ಓದಕ್ಕೆ ಗೂಗಲ್‌ನ ಈ ಎಐ ಟೂಲನ್ನೇ ಯೂಸ್ ಮಾಡಿದೆ, ಫ್ರೀ ವರ್ಷನ್ನೇ. 2023ರಲ್ಲೇ ಬಂದಿದ್ದಂತೆ, ನಂಗೆ ಗೊತ್ತಾಗಿದ್ದು ಲೇಟು. ಎಲ್ಲೆಲ್ಲಿಂದನೋ ತಂದು ಹೇಳೋ ಬದ್ಲು ನಾವು ಹಾಕಿರೋ ಪಿಡಿಎಫ್ಫು, ಲೆಕ್ಚರ್ ನೋಟ್ಸು, ಯೂಟ್ಯೂಬ್ ಲಿಂಕು ನೋಡ್ಕೊಂಡೇ ಉತ್ತರ ಕೊಡತ್ತೆ, ಪಕ್ಕದಲ್ಲಿ ಸಣ್ಣ ನಂಬರ್ ಇರತ್ತೆ, ಒತ್ತಿದ್ರೆ ನೋಟ್ಸಲ್ಲಿ ಆ ಜಾಗನೇ ತೆರ್ಕೊಳತ್ತೆ. ನಂಗೆ ಇದೇ ದೊಡ್ಡದು, ಯಾಕಂದ್ರೆ ಫಸ್ಟ್ ಸೆಮ್ಮಲ್ಲಿ ಇನ್ಯಾವ್ದೋ ಚಾಟ್‌ಬಾಟ್ ಇಲ್ಲದೇ ಇರೋ ಪುಸ್ತಕದ ಹೆಸರು ಹೇಳಿ, ನಾನು ಅದನ್ನ ಅಸೈನ್ಮೆಂಟಲ್ಲಿ ಬರ್ದು, ಮೇಡಂ ಹತ್ರ ಚೆನ್ನಾಗಿ ಮಂಗಳಾರತಿ ಆಗಿತ್ತು.

ಒಂದು ನೋಟ್‌ಬುಕ್ಕಿಗೆ 50 ಸೋರ್ಸ್ ಹಾಕ್ಬೋದು, ಧಾರಾಳ ಆಯ್ತು. ಇಬ್ರು ಕೂತು ಹರಟೆ ಹೊಡೆಯೋ ಥರ ಆಡಿಯೋನೂ ಮಾಡ್ಕೊಡತ್ತೆ, ಬಸ್ಸಲ್ಲಿ ನಿಂತ್ಕೊಂಡೇ ಫಿಲಿಪ್ಸ್ ಕರ್ವ್ (ಬೆಲೆ ಏರಿಕೆಗೂ ನಿರುದ್ಯೋಗಕ್ಕೂ ಇರೋ ಸಂಬಂಧ ತೋರ್ಸೋ ಗೆರೆ) ಅರ್ಥ ಆಯ್ತು ಅಂದ್ರೆ ನಂಬ್ತೀರಾ! ಸೀನಿಯರ್ಸ್ ಕೊಟ್ಟ ಮಸಿಮಸಿ ಜೆರಾಕ್ಸ್ ಹಾಕಿ ಮ್ಯಾಜಿಕ್ ಎಕ್ಸ್‌ಪೆಕ್ಟ್ ಮಾಡ್ಬೇಡಿ, ಅದು ನಂಗೇ ಓದಕ್ಕಾಗಲ್ಲ. ಇನ್ನೊಂದು, ಸಮ್ಮರಿ ಓದಿದ್ರೆ ಎಲ್ಲಾ ಬಂತು ಅನ್ಸತ್ತೆ, ಆಮೇಲೆ ಇಂಟರ್ನಲ್ಸಲ್ಲಿ ಡಯಾಗ್ರಂ ಬರೆಯಕ್ಕೆ ಕೈನೇ ಓಡಲ್ಲ, ಹಾಗಾಗಿ ಕ್ವಿಜ್ ಮಾಡ್ಕೊಂಡು ಪೇಪರ್ ಮೇಲೆ ಬರೆದು ನೋಡಿ. 5ಕ್ಕೆ 4 ಕೊಡ್ತೀನಿ.