ಸೆಕೆಂಡ್ ಹ್ಯಾಂಡ್ ಫೋರ್ಡ್ ಡೀಸೆಲ್: ಆಸ್ಪೈರಾ, ಫ್ರೀಸ್ಟೈಲಾ, ಎಕೋಸ್ಪೋರ್ಟಾ?

ಹೋದ ತಿಂಗಳು ಪೂರ್ತಿ ನಂಗೆ ಇದೇ ಕೆಲಸ ಆಗೋಯ್ತು. ಹಳೇ ವ್ಯಾಗನ್ಆರ್ ಕೊಟ್ಬಿಟ್ಟು ಒಂದು ಡೀಸೆಲ್ ಗಾಡಿ ತಗೋಬೇಕು, ತಿಂಗ್ಳಿಗೆ ಎರಡು ಸಲನಾದ್ರೂ ಬೆಂಗ್ಳೂರಿಂದ ತೀರ್ಥಹಳ್ಳಿಗೆ ಓಡಾಟ ಇದೆ, ಹೋಗ್ತಾ ಮುನ್ನೂರು ಚಿಲ್ಲರೆ ಕಿಲೋಮೀಟರ್, ಬರ್ತಾ ಅಷ್ಟೇ, ಜೇಬಲ್ಲಿರೋದು ಐದೂವರೆ ಲಕ್ಷ. ಫೋರ್ಡ್ ಅಂದಿದ್ದೇ ತಡ ಭಾವ ಶುರು ಹಚ್ಕೊಂಡ್ರು, "ಕಂಪ್ನಿಯವ್ರೇ ಗಂಟುಮೂಟೆ ಕಟ್ಕೊಂಡು ಹೋದ್ರು, ನೀನ್ಯಾಕೋ ಅದ್ರ ಹಿಂದೆ ಬಿದ್ದಿದೀಯ" ಅಂತ.

ಅವರು ಹೋಗಿರೋದಕ್ಕೇ ಭಾವ ರೇಟು ಬಿದ್ದಿರೋದು ಅಂದೆ. ಇಲ್ಲಾಂದ್ರೆ ನನ್ನ ಬಜೆಟ್‌ಗೆ ಈ ಇಂಜಿನ್ ಎಲ್ಲಿ ಸಿಗ್ತಿತ್ತು.

ಇಲ್ಲಿ ತುಂಬ ಜನ ಕನ್ಫ್ಯೂಸ್ ಮಾಡ್ಕೋತಾರೆ. 2021ರ ಸೆಪ್ಟೆಂಬರ್‌ನಲ್ಲಿ ಫೋರ್ಡ್ ನಿಲ್ಲಿಸ್ತೀವಿ ಅಂದಿದ್ದು ಇಲ್ಲಿ ಗಾಡಿ ಮಾಡಿ ಮಾರೋದನ್ನ, ಸರ್ವೀಸು ಮತ್ತೆ ಸ್ಪೇರ್ಸ್ ಮುಂದುವರೆಸ್ತೀವಿ ಅಂತಾನೂ ಹೇಳಿದ್ರು. ಗುಜರಾತಿನ ಸಾನಂದ್ ಕಾರ್ ಫ್ಯಾಕ್ಟರಿ ಈಗ ಟಾಟಾದವರದ್ದು, ಚೆನ್ನೈದು 2022ರಲ್ಲಿ ಬಾಗಿಲು ಹಾಕ್ತು. ಸರ್ವೀಸ್ ಸೆಂಟರ್ ಮುಂಚಿನಷ್ಟು ಇಲ್ಲ, ಹಾಗಾಗಿ ಗಾಡಿ ಹುಡುಕೋಕೆ ಮುಂಚೆ ನಿಮ್ಮೂರಲ್ಲಿ ಫೋರ್ಡ್ ಕೆಲಸ ಗೊತ್ತಿರೋ ಮೆಕ್ಯಾನಿಕ್ ಯಾರಿದ್ದಾರೆ ಅಂತ ಹುಡುಕಿ. ನಂಗೆ ಶಿವಮೊಗ್ಗದಲ್ಲಿ ಒಬ್ರು ಸಿಕ್ಕಿದ್ರು, ಮುಂಚೆ ಶೋರೂಮಲ್ಲೇ ಕೆಲಸ ಮಾಡಿದವ್ರು. ಅವರು ಸಿಗದೇ ಇದ್ದಿದ್ರೆ ನಾನೂ ಭಾವನ ಮಾತೇ ಕೇಳ್ತಿದ್ದೆ.

ಈಗ ಗಾಡಿ ವಿಷ್ಯ. ನೋಡಿದ್ದು ಮೂರು, 2018ರ ಆಸ್ಪೈರ್, 2019ರ ಫ್ರೀಸ್ಟೈಲ್, 2017ರ ಎಕೋಸ್ಪೋರ್ಟ್. ಮಜಾ ಏನಂದ್ರೆ ಮೂರರಲ್ಲೂ ಇರೋದು ಅದೇ 1.5 ಟಿಡಿಸಿಐ ಡೀಸೆಲ್ ಇಂಜಿನ್, 1498 ಸಿಸಿ, 100 ಪಿಎಸ್, ಆಸ್ಪೈರ್ ಫ್ರೀಸ್ಟೈಲ್ ಎರಡ್ರಲ್ಲೂ 215 ಎನ್ಎಂ ಟಾರ್ಕು, ಗೇರು ಐದೇ. ಎಕೋಸ್ಪೋರ್ಟ್ ಮಾತ್ರ 2013ರಲ್ಲಿ ಬಂದಾಗ 91 ಪಿಎಸ್ ಇತ್ತು, ಆಮೇಲೆ 100 ಮಾಡಿದ್ರು, ಹಳೇದು ನೋಡೋರು ಇದನ್ನ ಕೇಳ್ಕೊಳ್ಳಿ. ಅಂದ್ರೆ ನೀವು ಆರಿಸ್ತಿರೋದು ಇಂಜಿನ್ ಅಲ್ಲ, ಮೇಲಿನ ಡಬ್ಬಾ. ಎಕೋಸ್ಪೋರ್ಟ್ ಆಸ್ಪೈರ್‌ಗಿಂತ ಸುಮಾರು 200 ಕೆಜಿ ಜಾಸ್ತಿ ತೂಕ, ರೇಟಲ್ಲಿ ನಂಗೆ ಹೇಳಿದ್ದು ಒಂದೂವರೆ ಲಕ್ಷ ಜಾಸ್ತಿ. ಎತ್ತರದ ಗಾಡಿ, ಹಿಂದೆ ಸ್ಟೆಪ್ನಿ ನೇತಾಕಿರೋ ಗತ್ತು, ಅದಕ್ಕೇ ಆ ದುಡ್ಡು ಅಂತ ನನ್ನ ಅಭಿಪ್ರಾಯ. ಆ ಹಿಂದಿನ ಬಾಗಿಲು ಪಕ್ಕಕ್ಕೆ ತೆಗೆಯೋದು, ನಮ್ಮ ಬಿಲ್ಡಿಂಗ್ ಪಾರ್ಕಿಂಗಲ್ಲಿ ಹಿಂದೆ ಗೋಡೆ, ಅರ್ಧ ತೆಗೆಯೋಷ್ಟರಲ್ಲಿ ಗೋಡೆಗೆ ತಾಗತ್ತೆ, ಸಾಮಾನು ಹೇಗೆ ಇಳಿಸೋದು ಮಾರಾಯ್ರೆ.

ಆಸ್ಪೈರ್ ಓಡ್ಸಿ ನಾನು ಬಿದ್ದೋದೆ, ನಿಜ ಹೇಳ್ತೀನಿ. 1800 ಆರ್‌ಪಿಎಂ ತನಕ ನಿದ್ದೆ ಮಾಡ್ತಿರತ್ತೆ, ಅದಾದ್ಮೇಲೆ ಟರ್ಬೋ ಸಿಳ್ಳೆ ಹಾಕ್ಕೊಂಡು ಎಳ್ಯತ್ತೆ ನೋಡಿ, ಹೈವೇಲಿ ಲಾರಿ ಓವರ್‌ಟೇಕ್ ಮಾಡೋಕೆ ಗೇರ್ ಇಳಿಸೋದೇ ಬೇಡ. ಕಂಪ್ನಿ ಹೇಳಿದ್ದು ಲೀಟರ್‌ಗೆ 25ರ ಮೇಲೆ, ಹಾಗೆಲ್ಲಾ ನಂಬ್ಕೊಂಡು ಕೂರಬೇಡಿ, ಓನರ್ ಹೇಳಿದ್ದು ಹೈವೇಲಿ 20ರ ಆಸುಪಾಸು, ನಂಗೆ ಅಷ್ಟು ಸಾಕು. ಡಿಕ್ಕಿ 359 ಲೀಟರ್. ಆದ್ರೆ ಗ್ರೌಂಡ್ ಕ್ಲಿಯರೆನ್ಸ್ 174 ಎಂಎಂ, ನಮ್ಮ ತೋಟದ ಮನೆ ದಾರೀಲಿ ಮಳೆಗಾಲ ಕಳೆದ್ಮೇಲೆ ಮಧ್ಯದಲ್ಲಿ ಮಣ್ಣಿನ ದಿಬ್ಬ ಎದ್ದಿರತ್ತೆ, ನಾಲ್ಕು ಜನ ಕೂತ್ರೆ ಹೊಟ್ಟೆ ಉಜ್ಜೋದು ಗ್ಯಾರಂಟಿ. ಅಮ್ಮಂಗೂ ಮಂಡಿನೋವು, ತಗ್ಗಿರೋ ಸೀಟಿಂದ ಏಳೋಕಾಗಲ್ಲ. ಸಿಟಿ, ಟಾರ್ ರೋಡು ಅಷ್ಟೇ ಅನ್ನೋರು ಕಣ್ಮುಚ್ಚಿ ಆಸ್ಪೈರ್ ತಗೊಳ್ಳಿ, ಮೂರರಲ್ಲಿ ಕೊಟ್ಟ ದುಡ್ಡಿಗೆ ಜಾಸ್ತಿ ಸಿಗೋದು ಇದ್ರಲ್ಲೇ.

ಫ್ರೀಸ್ಟೈಲ್ ಅಂದ್ರೆ ಫೋರ್ಡಿನ ಚಿಕ್ಕ ಕಾರು ಫಿಗೋನೇ ಸ್ವಲ್ಪ ಎತ್ತರ ಮಾಡಿರೋದು, 190 ಎಂಎಂ. ಡಿಕ್ಕಿ ಚಿಕ್ದು, 257 ಲೀಟರ್, ಒಂದು ಅಡಿಕೆ ಮೂಟೆ ಹಾಕಿದ್ರೆ ಬ್ಯಾಗಿಗೆ ಜಾಗ ಇಲ್ಲ. ಟಾಪ್ ಮಾಡೆಲ್ ಟೈಟಾನಿಯಂ ಪ್ಲಸ್ ಆದ್ರೆ ಆರು ಏರ್‌ಬ್ಯಾಗ್ ಬರತ್ತೆ.

ಚೆಕ್ ಮಾಡೋದು ಹೇಗೆ ಅಂತ ಮೆಕ್ಯಾನಿಕ್ ಹೇಳಿಕೊಟ್ಟಿದ್ದು ಬರೀತೀನಿ. "ಸಾರ್, ನಾವು ಬರೋ ತನಕ ಗಾಡಿ ಸ್ಟಾರ್ಟ್ ಮಾಡ್ಬೇಡಿ ಅಂತ ಫೋನ್ ಮಾಡಿ ಹೇಳಿ" ಅಂದ್ರು, ಇಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ್ರೇನೇ ದೋಷ ಗೊತ್ತಾಗೋದಂತೆ. ಎಕೋಸ್ಪೋರ್ಟ್ ಇಟ್ಟಿದ್ದ ಡೀಲರ್ ಹತ್ರ ಹೋದ್ವಿ (ಹೆಸರು ಬೇಡ), ಬಾನೆಟ್ ಮೇಲೆ ಕೈ ಇಟ್ರೆ ಬೆಚ್ಚಗಿದೆ! ಯಾಕಣ್ಣ ಅಂದ್ರೆ "ತೊಳೆದು ತಂದ್ವಿ ಸಾರ್" ಅಂತೆ. ನಮ್ಮೋರು ಏನೂ ಮಾತಾಡ್ದೆ ಇಂಜಿನ್ ಮೇಲಿನ ಪ್ಲಾಸ್ಟಿಕ್ ಕವರ್ ಎತ್ತಿ ಟಾರ್ಚ್ ಬಿಟ್ರು, ಒಂದು ಇಂಜೆಕ್ಟರ್ (ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸೋದು) ಬುಡದಲ್ಲಿ ಕಪ್ಪಗೆ ಡಾಂಬರ್ ಥರ ಅಂಟ್ಕೊಂಡಿತ್ತು, ಸ್ಟಾರ್ಟ್ ಮಾಡಿದ್ರೆ ಚುಸ್ ಚುಸ್ ಅಂತ ಸಣ್ಣ ಸದ್ದು. ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್ ಲೀಕ್ ಅಂತೆ, ವಾಷರ್ ಬೆಲೆ ಏನೂ ಅಲ್ಲ ಆದ್ರೆ ವರ್ಷಗಟ್ಟಲೆ ಹಾಗೇ ಓಡ್ಸಿದ್ರೆ ಇಂಜೆಕ್ಟರ್ ಬಿಚ್ಚೋದೇ ದೊಡ್ಡ ರಗಳೆ. ಅಲ್ಲಿಂದ ಟೀ ಕುಡ್ಕೊಂಡು ವಾಪಸ್ ಬಂದ್ವಿ.

ಇನ್ನೊಂದು, ಈ ಇಂಜಿನ್ನಲ್ಲಿ ಟೈಮಿಂಗ್ ಬೆಲ್ಟು, ಸ್ವಿಫ್ಟ್ ಡೀಸೆಲ್ಲಲ್ಲಿ ಬರ್ತಿದ್ದ ಫಿಯಟ್ 1.3 ಥರ ಚೈನ್ ಅಲ್ಲ. ಬೆಲ್ಟ್ ಬದಲಾಯಿಸಿದ ಬಿಲ್ ತೋರಿಸಿದ್ರೆ ಸರಿ, ಬಾಯ್ಮಾತಲ್ಲಿ ಹೇಳಿದ್ರೆ ಆ ಖರ್ಚು ರೇಟಲ್ಲಿ ಕಳೀರಿ, ಅದು ತುಂಡಾದ್ರೆ ವಾಲ್ವು ಪಿಸ್ಟನ್ನು ಡಿಕ್ಕಿ ಹೊಡ್ಕೊಂಡು ಇಂಜಿನ್ನೇ ಕೈಗೆ ಬರತ್ತೆ. 2020ರ ಬಿಎಸ್6 ಗಾಡಿ ಸಿಕ್ರೂ ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಇದೆ ಅನ್ನೋದು ನೆನಪಿರಲಿ, ದಿನಾ ಮೂರು ಕಿಲೋಮೀಟರ್ ಆಫೀಸಿಗೆ ಹೋಗಿ ಬರೋರಿಗೆ ಅದು ಬ್ಲಾಕ್ ಆಗೋದೇ ಸೈ, ಅಂಥೋರು ಪೆಟ್ರೋಲೇ ನೋಡಿ. ಡೆಲ್ಲಿ ಗಾಡಿಗಳೂ ಅಗ್ಗಕ್ಕೆ ಬರ್ತಿರತ್ತೆ, ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್‌ಗೆ ತೊಂದ್ರೆ ಅಂತ ಮಾರ್ತಾರೆ, ಆದ್ರೆ ಎನ್ಒಸಿ, ಇಲ್ಲಿನ ರೋಡ್ ಟ್ಯಾಕ್ಸು, ಆರ್‌ಟಿಒ ಓಡಾಟ ಎಲ್ಲಾ ಸೇರಿಸಿ ಲೆಕ್ಕ ಹಾಕಿದ್ರೆ ಉಳಿದಿದ್ದು ಅಷ್ಟಕ್ಕಷ್ಟೇ. ನಾನು ಕೆಎ ನಂಬರ್ ಬಿಟ್ಟು ಬೇರೆ ನೋಡ್ಲಿಲ್ಲ.

ಕೊನೆಗೆ ಫ್ರೀಸ್ಟೈಲೇ ತಗೊಂಡೆ, ಒಬ್ರೇ ಓನರ್, 71 ಸಾವಿರ ಓಡಿದೆ, ಸರ್ವೀಸ್ ಬಿಲ್ಲೆಲ್ಲಾ ಫೈಲಲ್ಲಿ ಜೋಡಿಸಿಟ್ಟಿದ್ರು, 4.9 ಲಕ್ಷಕ್ಕೆ ಮುಗೀತು. ಮೊನ್ನೆ ಆಗುಂಬೆ ಘಾಟಿ ಹತ್ತಿಸ್ದೆ, ಹದಿನಾಲ್ಕು ತಿರುವಲ್ಲೂ ಎರಡನೇ ಗೇರು, ಒಂದೆರಡು ಕಡೆ ಸ್ಪೀಡ್ ತೀರಾ ಇಳಿದು ಟರ್ಬೋ ಮಲಗ್ತು, ಫಸ್ಟಿಗೆ ಹಾಕ್ಬೇಕಾಯ್ತು, ಅದು ಬಿಟ್ರೆ ಸಲೀಸು. ಅಮ್ಮ ಆರಾಮಾಗಿ ಹತ್ತಿ ಇಳೀತಾರೆ. ಭಾವನೂ ಒಂದು ರೌಂಡ್ ಓಡ್ಸಿ "ಗಾಡಿ ಗಟ್ಟಿ ಇದೆ ಕಣೋ" ಅಂದ್ರು, ಬೇರೇನೂ ಹೇಳ್ಲಿಲ್ಲ. ನಂಗಿರೋ ಕಷ್ಟ ಒಂದೇ, ಫೋರ್ಡಲ್ಲಿ ಇಂಡಿಕೇಟರ್ ಕಡ್ಡಿ ಎಡಗಡೆ, ವೈಪರ್ ಬಲಗಡೆ, ಮೂರು ವಾರ ಆದ್ರೂ ಪ್ರತಿ ಕ್ರಾಸಲ್ಲೂ ಬಿಸಿಲಲ್ಲಿ ವೈಪರ್ ಓಡಿಸ್ಕೊಂಡೇ ತಿರುಗ್ತಿದೀನಿ.