ಮೊದಲ ಉಪಗ್ರಹ ಮಾತು: ಐಎಸ್‌ಎಸ್ ರಿಪೀಟರಾ, ಕ್ಯೂಓ-100 ಆ?

ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಈಗಷ್ಟೇ ಸಿಕ್ಕಿತಾ? ಐಎಸ್‌ಎಸ್, ಅಂದರೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿರುವ ರಿಪೀಟರ್‌ಗೆ (ಬಂದ ದನಿಯನ್ನು ಬೇರೆ ಆವರ್ತನದಲ್ಲಿ ಮತ್ತೆ ಕಳಿಸುವ ಸಾಧನ) ಕೈಯಲ್ಲಿ ಹಿಡಿಯುವ ರೇಡಿಯೋ ಸೆಟ್, ಅಳತೆ ಟೇಪಿನ ಪಟ್ಟಿಯಿಂದ ಮಾಡಿದ ಯಾಗಿ ಆಂಟೆನಾ (ಒಂದು ದಿಕ್ಕಿಗೆ ಗುರಿಯಿಡುವಂಥದ್ದು) ಸಾಕು. ಮಲ್ಪೆ ಮರಳಲ್ಲಿ ನಿಂತು 145.990 ಮೆಗಾಹರ್ಟ್ಸ್‌ನಲ್ಲಿ ಮಾತಾಡಿ, 437.800ರಲ್ಲಿ ಕೇಳಿ. ರಿಪೀಟರ್ ತೆರೆಯಲು ದನಿಯ ಜೊತೆ ಹೋಗಬೇಕಾದ 67 ಹರ್ಟ್ಸ್ ಟೋನ್ ಮರೀಬೇಡಿ. ನಿಲ್ದಾಣ ಹತ್ತಿರ ಬಂದು ದೂರ ಹೋಗುವಾಗ ಆವರ್ತನ ಬದಲಾಗುವ ಡಾಪ್ಲರ್ ಪರಿಣಾಮದಿಂದ ದನಿ 437.810ರ ಹತ್ತಿರ ಶುರುವಾಗಿ 437.790ಕ್ಕೆ ಜಾರುತ್ತದೆ. ನಿಲ್ದಾಣ ಒಮ್ಮೆ ಹಾದುಹೋಗುವಾಗ ಸಿಗೋದು ಹತ್ತು ನಿಮಿಷ, ಅದೂ ಎಲ್ಲರಿಗೂ ಒಂದೇ ಚಾನೆಲ್. ಹೊಸಬರ ಬಾಯಿ ಒಣಗೋದು ಇಲ್ಲೇ. ಪಕ್ಕದಲ್ಲಿ ಹಳಬರೊಬ್ಬರು ಆಂಟೆನಾ ಹಿಡಿದರೆ ಅರ್ಧ ಭಯ ಹೋಗುತ್ತದೆ.

ಕ್ಯೂಓ-100 ಅನ್ನೋದು ಹ್ಯಾಮ್‌ಗಳ ರೇಡಿಯೋ ಉಪಕರಣ ಹೊತ್ತ ಉಪಗ್ರಹ. ಅದು ನಮಗೆ ಪಶ್ಚಿಮಕ್ಕೆ, ಕಡಲಿನ ಕಡೆ, ಸುಮಾರು 36,000 ಕಿ.ಮೀ. ಎತ್ತರದಲ್ಲಿ ಅಲ್ಲಾಡದೆ ನಿಂತಿದೆ. ಆರಾಮಾಗಿ ಹರಟಬಹುದು. ಆದರೆ ಡಿಶ್, 2400 ಮೆಗಾಹರ್ಟ್ಸ್ ಟ್ರಾನ್ಸ್‌ಮಿಟರ್ ಅಂತ ಖರ್ಚು ಜಾಸ್ತಿ. ಉಪ್ಪುಗಾಳಿಗೆ ತುಕ್ಕು ಬೇರೆ! ನನ್ನ ಓಟು ಐಎಸ್‌ಎಸ್‌ಗೆ. ತೀರಾ ಸಂಕೋಚದವರು ಮಾತ್ರ ಹಳೇ ಟಿವಿ ಡಿಶ್, ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರೇಡಿಯೋ ರಿಸೀವರ್) ಹಿಡಿದು ಸುಮ್ನೆ ಕ್ಯೂಓ-100 ಕೇಳುತ್ತಾ ಕೂರಲಿ.